ಮೊಂತಿ ಹಬ್ಬಕ್ಕೆ ಮಗನ ಟಾರ್ಟ್

ಮೊಂತಿ ಹಬ್ಬದ ದಿನ ನಾವು ಮಂಗಳೂರಿನ ಕೊಂಕಣಿ ಕ್ರೈಸ್ತರು ಮೀನು ಮಾಂಸ ಮುಟ್ಟುವುದಿಲ್ಲ. ಸೆಪ್ಟೆಂಬರಿನಲ್ಲಿ ಬರುವ ಮಾತೆ ಮರಿಯಳ ಹುಟ್ಟುಹಬ್ಬ ಅದು, ಹೊಸ ಅಕ್ಕಿಯ ಹಬ್ಬವೂ ಹೌದು. ಇಗರ್ಜಿಯಲ್ಲಿ ಪಾದ್ರಿಗಳು ಆಶೀರ್ವದಿಸಿ ಕೊಟ್ಟ ಭತ್ತದ ತೆನೆಯ ಕಾಳು ಸುಲಿದು, ಅರೆದು, ತೆಂಗಿನ ಹಾಲಿಗೆ ಬೆರೆಸಿ, ಊಟಕ್ಕೆ ಮೊದಲು ಮನೆಯ ಯಜಮಾನ ಒಬ್ಬೊಬ್ಬರಿಗೆ ಒಂದೊಂದು ಚಮಚ ಕೊಡಬೇಕು. ಅದು ಮನೆಯವರಿಗೆ ಮಾತ್ರ. ನೆಂಟರು ಎಷ್ಟೇ ಹತ್ತಿರದವರಾದರೂ ಅವರವರ ಮನೆಯಲ್ಲೇ ತಿನ್ನಬೇಕು. ದೂರದಲ್ಲಿರುವ ಮನೆಮಂದಿಗೆ ಅಕ್ಕಿಯನ್ನು ಪುಡಿ ಮಾಡಿ ಲಕೋಟೆಯಲ್ಲಿ ಕಳಿಸುವುದುಂಟು. ನಾನು ಗಲ್ಫಿನಲ್ಲಿ ನರ್ಸ್ ಆಗಿದ್ದಾಗ ಅಮ್ಮ ಪ್ರತಿ ವರ್ಷ ಕಳಿಸುತ್ತಿದ್ದಳು, ಚಿಟಿಕೆಯಷ್ಟು ಪುಡಿ. ಒಂದು ವರ್ಷ ಅದು ತಲುಪಲಿಲ್ಲ. ನನ್ನನ್ನು ಮನೆಯಿಂದಲೇ ತೆಗೆದುಹಾಕಿದರೇನೋ ಎನ್ನುವಂತೆ ಹಾಸ್ಟೆಲಿನ ಮಂಚದ ಮೇಲೆ ಕುಳಿತು ಅತ್ತಿದ್ದೆ. ಆಗ ನನಗೆ ಅಳು ಬೇಗ ಬರುತ್ತಿತ್ತು.

ಈ ವರ್ಷ ಮಾರ್ಚಿನಲ್ಲಿ ಮಗ ಹೋದ. ಪಂಪ್‌ವೆಲ್ ಸರ್ಕಲಿನಲ್ಲಿ, ಬೈಕ್ ಅಪಘಾತದಲ್ಲಿ. ನಮಗೆ ಇದ್ದದ್ದು ಅವನೊಬ್ಬನೇ. ನಾನು ಅಳಲಿಲ್ಲ. ಬಂದವರಿಗೆ ಕುರ್ಚಿ ಹಾಕಿಸಿದೆ, ಚಹಾಕ್ಕೆ ಸಕ್ಕರೆ ಸಾಕಾಯಿತೇ ಎಂದು ಕೇಳಿದೆ. ಬಹಳ ಹೊತ್ತು ಮಡಚಿ ಕುಳಿತರೆ ಕಾಲಿಗೆ ಜೋಮು ಹಿಡಿಯುತ್ತದಲ್ಲ, ನನಗೆ ಇಡೀ ಮೈಗೆ ಹಿಡಿಯಿತು. ಇಗರ್ಜಿಯಲ್ಲಿ ಕಂಡವರೆಲ್ಲ ಗಟ್ಟಿ ಹೆಂಗಸು ಎಂದು ಹೊಗಳುತ್ತಾರೆ. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಏನೂ ಅನಿಸುವುದಿಲ್ಲ, ಅಷ್ಟೆ.

ಸೊಸೆ ಉಳ್ಳಾಲದವಳು, ತಲೆತಲಾಂತರದಿಂದ ಕಡಲಿಗಿಳಿದು ಮೀನು ಹಿಡಿದ ಮನೆಯ ಹುಡುಗಿ. ಅಂಥ ಮನೆಯಲ್ಲಿ ಹುಟ್ಟಿ ಅವಳು ವೀಗನ್. ಮೀನಿಲ್ಲ, ಮೊಟ್ಟೆಯಿಲ್ಲ, ಹಾಲು ತುಪ್ಪವೂ ಇಲ್ಲ. ಮಗ ಮೊದಲ ಸಲ ಹೇಳಿದಾಗ, "ಹಾಗಾದ್ರೆ ಅವಳು ತಿನ್ನುವುದು ಎಂತ, ಗಾಳಿಯಾ?" ಎಂದು ಕೇಳಿದ್ದೆ. ಮದುವೆಯಾದ ವರ್ಷದ ಮೊಂತಿ ಹಬ್ಬಕ್ಕೆ ಅವನೇ ಅಡುಗೆಮನೆಗೆ ಬಂದ. ಮೈದಾಕ್ಕೆ ತೆಂಗಿನೆಣ್ಣೆ ಹಾಕಿ ಕಲಸಿ, ಅಂಚಿರುವ ತಟ್ಟೆಯಲ್ಲಿ ಹಾಸಿ ಬೇಯಿಸಿ, ಅದರೊಳಗೆ ಹರಿವೆ ಸೊಪ್ಪು, ಸಿಹಿಗುಂಬಳ, ನುಣ್ಣಗೆ ಅರೆದ ಗೇರುಬೀಜ ತುಂಬಿ ಮತ್ತೆ ಓವನ್ನಿನಲ್ಲಿಟ್ಟ. ಖಾರದ ಟಾರ್ಟ್. ಮೇಜಿನ ನಡುವೆ ಇಟ್ಟು, ಇವತ್ತಿನ ದೊಡ್ಡ ಪದಾರ್ಥ ಇದೇ ಎಂದ. ಆ ಹಬ್ಬಕ್ಕೆ ತರಕಾರಿ ಪದಾರ್ಥಗಳು ಮೂರೋ ಐದೋ, ಬೆಸ ಸಂಖ್ಯೆಯಲ್ಲೇ ಇರಬೇಕು. ಟಾರ್ಟನ್ನು ಲೆಕ್ಕಕ್ಕೆ ಸೇರಿಸಲು ನಾನು ಒಪ್ಪಲಿಲ್ಲ. "ಅದು ಬೇಕರಿ ಐಟಂ ಮಾರಾಯ, ಪದಾರ್ಥ ಅಲ್ಲ." ಮುಂದೆ ಪ್ರತಿ ವರ್ಷವೂ ಅದೇ ಜಗಳ. ಸೊಸೆ ಎರಡು ಪಕ್ಷಕ್ಕೂ ಸೇರದೆ ನಗುತ್ತಾ ತಿನ್ನುತ್ತಿದ್ದಳು.

ಅವನು ಹೋದ ಮೇಲೆ ಅವಳು ತವರಿನಲ್ಲಿದ್ದಾಳೆ. ಹಬ್ಬಕ್ಕೆ ಕೆಲವು ದಿನವಿರುವಾಗ ಅವಳ ತಾಯಿ ಫೋನ್ ಮಾಡಿದರು. ಮಸ್ಕತ್‌ನಲ್ಲಿ ಕೆಲಸದಲ್ಲಿರುವವನ ಸಂಬಂಧ ಬಂದಿದೆ, ಇವಳೂ ಒಪ್ಪಿದ್ದಾಳೆ, ನಿಮಗೆ ಹೇಳಲು ಮಾತ್ರ ಹೆದರುತ್ತಾಳೆ ಎಂದರು. "ಹಬ್ಬದ ದಿನ ಅವಳೇ ಬಂದು ಹೇಳ್ತಾಳೆ. ನೀವು ಬೇಜಾರು ಮಾಡ್ಬೇಡಿ." ಬೇಜಾರಿಲ್ಲ ಎಂದೆ. ಸುಳ್ಳಲ್ಲ, ಏನೂ ಅನಿಸಲಿಲ್ಲ. ಸಣ್ಣ ಪ್ರಾಯ, ಮಕ್ಕಳಿಲ್ಲ. ಎಲ್ಲಾದರೂ ಸುಖವಾಗಿರಲಿ.

"ಹಾಗಾದ್ರೆ ಹೊಸ ಅಕ್ಕಿ ಅವಳಿಗೆ ಕೊಡುವುದಾ, ಬೇಡವಾ?" ಎಂದು ಇವರು ಕೇಳಿದರು. ನನ್ನ ಗಂಡನಿಗೆ ನಿಯಮವೆಂದರೆ ನಿಯಮ. ಬೇರೆ ಮನೆಗೆ ಹೊರಟವಳು ನಮ್ಮ ಮನೆಯವಳೇ ಎಂಬುದು ಅವರ ಸಂಶಯ.

"ಕೈ ಚಾಚಿದರೆ ಕೊಡಿ. ಚಾಚದಿದ್ದರೆ ಬಿಡಿ."

ಉತ್ತರವೇನೋ ಕೊಟ್ಟೆ, ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಅವಳೂ ಚಾಚದಿದ್ದರೆ ಈ ಮನೆಯೆಂದರೆ ನಾವಿಬ್ಬರೇ. ಮಗನಿದ್ದ ಮನೆ ಎಂದು ಹೇಳಲು ಮೂರನೆಯವರು ಯಾರೂ ಉಳಿಯುವುದಿಲ್ಲ.

ಹಬ್ಬದ ಬೆಳಿಗ್ಗೆ ಇಗರ್ಜಿಯಿಂದ ಬಂದು ಹಿಟ್ಟು ಕಲಸಿದೆ. ಟಾರ್ಟ್ ಮಾಡು ಎಂದು ಯಾರೂ ಹೇಳಿರಲಿಲ್ಲ. ತಟ್ಟೆಗೆ ಹಿಟ್ಟು ಹಾಸಿ ಆದ ಮೇಲೆ ನೋಡುತ್ತೇನೆ, ಪಕ್ಕದಲ್ಲಿ ಬೆಣ್ಣೆಯ ಡಬ್ಬಿ ತೆರೆದಿದೆ. ಇಷ್ಟು ವರ್ಷ ಕ್ರಿಸ್ಮಸ್ ಕೇಕಿನ ತಟ್ಟೆಗೆ ಬೆಣ್ಣೆ ಸವರಿದ ಕೈ, ನನ್ನನ್ನು ಕೇಳದೆ ಇದಕ್ಕೂ ಸವರಿಬಿಟ್ಟಿತ್ತು.

"ಇಷ್ಟೇ ಇಷ್ಟು ಬೆಣ್ಣೆ. ಯಾರಿಗೆ ಗೊತ್ತಾಗ್ತದೆ ಮಾರಾಯ್ತಿ?" ಎಂದರು ಇವರು.

"ನನಗೆ ಗೊತ್ತುಂಟಲ್ಲ."

ಆ ಹಿಟ್ಟನ್ನು ಕಿತ್ತು ಪಕ್ಕಕ್ಕಿಟ್ಟೆ, ನಾಳೆ ಇವರಿಗೇ ಚಪಾತಿಗಾಯಿತು. ತಟ್ಟೆಯನ್ನು ಸೋಪು ಹಾಕಿ ತಿಕ್ಕಿ ತೊಳೆದು, ಹೊಸದಾಗಿ ಕಲಸಿ ಹಾಸಿದೆ. ತಳ ಉಬ್ಬಬಾರದೆಂದು ಮಗ ಮಾಡುತ್ತಿದ್ದ ಹಾಗೆ ಮೇಲೆ ಕಾಗದ ಹರಡಿ ಹುರುಳಿ ಕಾಳು ಸುರಿದು ಬೇಯಿಸಿದೆ. ಹೊರಗೆ ತೆಗೆಯುವಾಗ ಮಣಿಕಟ್ಟು ಓವನ್ನಿನ ಬಾಗಿಲಿಗೆ ತಗಲಿತು. ಚರ್ಮ ಕೆಂಪಾದದ್ದು ಕಂಡಿತು, ಉರಿ ತಿಳಿಯಲಿಲ್ಲ. ಟಾರ್ಟಿನ ಅಂಚು ಒಂದು ಕಡೆ ಬಿರುಕು ಬಿಟ್ಟಿತ್ತು. ಇರಲಿ ಎಂದು ತುಂಬಿಸಿ ಮತ್ತೆ ಒಳಗಿಟ್ಟೆ. ಅಲಸಂಡೆ ಪಲ್ಯವಾಯಿತು, ಹೀರೆಕಾಯಿ ಗಸಿಯಾಯಿತು. ಇನ್ನೊಂದು ಪದಾರ್ಥಕ್ಕೆ ಕೈ ಏಳಲಿಲ್ಲ. ಟಾರ್ಟನ್ನೇ ಮೂರನೆಯದೆಂದು ಲೆಕ್ಕ ಹಿಡಿದೆ. ಅವನಿದ್ದಿದ್ದರೆ ಗೆದ್ದೆನೆಂದು ಕುಣಿಯುತ್ತಿದ್ದ.

ಮಧ್ಯಾಹ್ನ ಅವಳು ಬಂದಳು. ಉಳ್ಳಾಲದ ಪಕ್ಕದ ತೊಕ್ಕೊಟ್ಟಿನಲ್ಲಿ ಹತ್ತಿದ ಬಸ್ಸು ಪಂಪ್‌ವೆಲ್ ದಾಟಿಯೇ ನಮ್ಮಲ್ಲಿಗೆ ಬರಬೇಕು. ಅಲ್ಲಿ ಕಣ್ಣು ಮುಚ್ಚಿ ಕುಳಿತೆ ಎಂದಳು. ಮೇಜಿನ ಮೇಲಿದ್ದದ್ದನ್ನು ಕಂಡು ನಿಂತುಬಿಟ್ಟಳು.

"ಇದು ಯಾರು ಮಾಡಿದ್ದು, ಮಾಮಿ?" ಅವಳ ತುಳುವಿನಲ್ಲಿ ಅತ್ತೆಗೆ ಮಾಮಿ ಎನ್ನುತ್ತಾರೆ.

"ಬೇಕರಿಯವರು," ಎಂದೆ.

ಬಿರುಕನ್ನು ನೋಡಿ ನಕ್ಕಳು. ಆ ನಗು ಮುಗಿಯುವ ಮೊದಲೇ ಕುಳಿತು, ಮಸ್ಕತ್ತಿನ ವಿಷಯವನ್ನು ನೆಲ ನೋಡುತ್ತಾ ಹೇಳಿದಳು. ಗೊತ್ತುಂಟು, ಒಳ್ಳೆಯದಾಯಿತು ಎಂದೆ. ನನ್ನ ಸ್ವರ ಆಸ್ಪತ್ರೆಯಲ್ಲಿ ರೋಗಿಯ ಕಡೆಯವರ ಜೊತೆ ಮಾತಾಡುವ ಸ್ವರದಂತೆ ಕೇಳಿಸಿತು.

ಪ್ರಾರ್ಥನೆಯಾಯಿತು. ಇವರು ಬಟ್ಟಲು ಹಿಡಿದು ನನಗೊಂದು ಚಮಚ ಕೊಟ್ಟರು, ತಾವು ತೆಗೆದುಕೊಂಡರು. ಮತ್ತೆ ಚಮಚ ತುಂಬಿ ಹಾಗೇ ನಿಂತರು. ಅವಳು ಕೈ ಚಾಚಲಿಲ್ಲ. ಚೂಡಿದಾರದ ಶಾಲನ್ನು ಬೆರಳಿಗೆ ಸುತ್ತುತ್ತಾ ಕುಳಿತಿದ್ದಳು.

"ನಮ್ಮಲ್ಲಿಯೂ ಹೊಸ ಅಕ್ಕಿ ಊಟ ಉಂಟು ಮಾಮ. ಅದು ಮನೆಯವರಿಗೆ ಮಾತ್ರ, ನನಗೆ ಗೊತ್ತುಂಟು," ಎಂದಳು. ಅವಳು ನನ್ನ ಕಡೆಗೆ ತಿರುಗಿದಳು. "ಈ ವರ್ಷ ಇಲ್ಲಿಯೇ ತಗೊಳ್ತೇನೆ. ಬರುವ ವರ್ಷ ನನಗೆ ಅಲ್ಲಿಗೆ ಪುಡಿ ಕಳಿಸ್ತೀರಾ, ಮಾಮಿ?"

ಕೈ ಚಾಚಿದಳು. ಇವರು ಚಮಚದಲ್ಲಿದ್ದದ್ದನ್ನು ಅವಳ ಅಂಗೈಗೆ ಹಾಕಿದರು.

"ಎಡ್ರೆಸ್ ಸರಿಯಾಗಿ ಬರೆದು ಕೊಡು," ಎಂದರು ಇವರು. "ಪಿನ್ ಕೋಡ್ ಬಿಟ್ಟುಹಾಕ್ಬೇಡ."

"ಮಸ್ಕತ್ತಿಗೆ ಎಂತ ಪಿನ್ ಕೋಡ್ ಮಾರಾಯ್ರೇ," ಎಂದು ಗದರಿದೆ. "ಅಲ್ಲಿಗೆ ಬೇಕಾದ್ದು ಪೋಸ್ಟ್ ಬಾಕ್ಸ್..." ಮಾರ್ಚಿನಲ್ಲಿ ಬರಬೇಕಿದ್ದ ಅಳು ಆಗ ಬಂತು, ಊಟದ ಮೇಜಿನಲ್ಲಿ, ಬಿರುಕುಬಿಟ್ಟ ಆ ಟಾರ್ಟಿನ ಎದುರು. ಅವಳು ಎದ್ದು ಬಂದು ನನ್ನ ಕೈ ಹಿಡಿದಳು, ಸುಟ್ಟ ಮಣಿಕಟ್ಟಿನ ಮೇಲೆಯೇ. ತುಂಬಾ ಉರಿಯಿತು. ಬಿಡು ಎನ್ನಲಿಲ್ಲ.