ಹೆಂಗಸರ ದಾರಿ

ಕಾಫಿ ತೋಟದಲ್ಲಿ ನೆರಳಿನ ಕೊಂಬೆ ಸವರುವ ಮರಗಸಿ ಮಾಡುವಾಗ ಸಿಲ್ವರ್ ಓಕ್ ಮರದ ಮೇಲಿಂದ ಬಿದ್ದೆ. ತಲೆ ಬೇರಿಗೆ ಬಡಿಯಿತು. ಎಕ್ಸ್‌ರೇ ನೋಡಿ ಸ್ಕಲ್ ಫ್ರ್ಯಾಕ್ಚರ್ ಅಂದರು. ಹದಿನೆಂಟು ದಿನ ವಾರ್ಡಿನಲ್ಲಿ ಮಲಗಿ ಅಮ್ಮತ್ತಿಯ ಮನೆಗೆ ಬಂದೆ. ಕೈಕಾಲು ಗಟ್ಟಿ, ಊಟ ಜೋರು. ಗೆದ್ದೆ ಅಂದುಕೊಂಡೆ.

ಮರುದಿನ ತೋಟದಿಂದ ಮನೆಗೆ ಬರುವ ದಾರಿ ತಪ್ಪಿತು.

ನನ್ನ ತೋಟದಲ್ಲೇ! ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದು ಮೊನ್ನೆ ಮೊನ್ನೆ. ಅದಕ್ಕೂ ಇಪ್ಪತ್ತು ವರ್ಷ ಮೊದಲಿನಿಂದ ಕಾಡು ಸುತ್ತಿದವನು ನಾನು. ಕಣ್ಣು ಕಟ್ಟಿ ಬಿಟ್ಟರೂ ಮನೆ ಯಾವ ಕಡೆ ಅಂತ ಬೆರಳು ತೋರಿಸುತ್ತಿದ್ದೆ. ಹೆಂಡತಿ ದೇವಕ್ಕಿಯನ್ನು ದಿಕ್ಕು ಕೇಳಿದರೆ ತಬ್ಬಿಬ್ಬು. ಅವಳ ಗುರುತೆಲ್ಲ ಹಲಸಿನ ಮರ, ಹುತ್ತ, ಮುರಿದ ಬೇಲಿ. ಅದು ಹೆಂಗಸರ ದಾರಿ ಅಂತ ನಾವು ಗಂಡಸರು ನಗುತ್ತಿದ್ದೆವು.

"ಈಚೆ ಬನ್ನಿ. ಹಲಸಿನ ಮರ ಅಲ್ಲುಂಟು," ಅಂದಳು ನನ್ನನ್ನು ಹುಡುಕಿಕೊಂಡು ಬಂದ ದೇವಕ್ಕಿ.

"ನಂಗೇ ದಾರಿ ತೋರಿಸ್ತೀಯಾ?" ಅಂತ ಬೆತ್ತ ಬೀಸಿದೆ. ಅವಳ ತುಟಿ ಸೀಳಿತು. ಆಮೇಲೆ ದಾರಿ ತಪ್ಪಿದಾಗಲೆಲ್ಲ ಮನೆಗೆ ಬಂದು ಹೊಡೆದೆ. ಏಟು ಬಿದ್ದದ್ದು ನನ್ನ ತಲೆಗೆ, ತಿಂದವಳು ಅವಳು. ಬರೆಯಲು ನಾಚಿಕೆಯಾಗುತ್ತದೆ.

ಕೈಲು ಮುಹೂರ್ತದ ಹಬ್ಬದ ಬೇಟೆಗೆ ಹೋಗಬೇಡಿ ಅಂತ ಕಾಲು ಹಿಡಿದಳು. ಕೋವಿಗೆ ಪೂಜೆ ಮಾಡಿ ಮನೆಯಲ್ಲಿ ಕೂರುವ ಗಂಡಸೇ ನಾನು? ಒದ್ದು ಹೋದೆ.

ಬೇಟೆಯಲ್ಲಿ ಒಬ್ಬೊಬ್ಬನಿಗೆ ಒಂದೊಂದು ಜಾಗ. ನನ್ನ ಬಲಕ್ಕೆ ದೇವಕ್ಕಿಯ ತಮ್ಮ ಬೆಳ್ಯಪ್ಪ ನಿಂತಿದ್ದ. ಹಂದಿ ಎದುರಿನ ಹೊಳೆ ಕಡೆಯಿಂದ ಬರುತ್ತದೆ. ಪಕ್ಕಕ್ಕೆ ಗುಂಡು ಹಾರಿಸುವಂತಿಲ್ಲ. ಪೊದೆ ಅಲುಗಿತು. ಅದೇ ಹೊಳೆ ಕಡೆ ಅಂತ ನನ್ನ ತಲೆ ಹೇಳಿತು. ಹೊಡೆದೆ.

ಕಿರುಚಿದ್ದು ಬೆಳ್ಯಪ್ಪ.

ಮೊಣಕಾಲು ನುಚ್ಚುನೂರಾಗಿತ್ತು. ಆಪರೇಷನ್ ಮಾಡಿ ಕಾಲು ತೆಗೆದರು. ಅದೇ ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನೂ ಪರೀಕ್ಷಿಸಿದರು.

"ದಿಕ್ಕು ಹಿಡಿಯುವ ಶಕ್ತಿಗೆ ಪೆಟ್ಟಾಗಿದೆ. ಗಂಡಸರು ಹೆಚ್ಚಾಗಿ ಅದನ್ನೇ ನಂಬ್ತಾರೆ, ಹೆಂಗಸರು ಗುರುತುಗಳನ್ನ ನೆನಪಿಡ್ತಾರೆ. ಎಲ್ಲರೂ ಹಾಗಲ್ಲ ಬಿಡಿ. ನಿಮ್ಮ ನೆನಪು ಚೆನ್ನಾಗಿದೆ. ಗುರುತು ಕಲೀರಿ."

ಕಲಿಸುವವರು ಯಾರು? ದೇವಕ್ಕಿಯ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಕೋವಿಯನ್ನು ಬೆಳ್ಯಪ್ಪನ ಮನೆಯಲ್ಲಿ ಇಟ್ಟು ಬಂದೆ. ಎರಡು ತಿಂಗಳು ಅವಳು ನನ್ನೊಡನೆ ಮಾತಾಡಲಿಲ್ಲ. ಒಂದು ಬೆಳಿಗ್ಗೆ ತಾನಾಗಿಯೇ, "ಏಳಿ" ಅಂದಳು. ತೋಟದ ಕೊನೆಯಿಂದ ಅವಳು ಮುಂದೆ, ನಾನು ಹಿಂದೆ. ಒಂದೊಂದು ಗುರುತನ್ನೂ ಮುಟ್ಟಿ ಹೇಳಿಸಿದಳು. ಕಾಫಿ ಗಿಡಗಳ ನಡುವೆ ಪಾಚಿ ಹಿಡಿದ ಒಂದು ಬಂಡೆಯ ಹತ್ತಿರ ನಿಂತಳು. ಅದನ್ನು ನಾನು ಯಾವತ್ತೂ ಗಮನಿಸಿರಲಿಲ್ಲ.

"ನೀವು ಹೊಡೆದಾಗ ಓಡಿ ಬಂದು ನಾನು ಕೂರ್ತಿದ್ದದ್ದು ಇದರ ಮೇಲೆ. ಇಲ್ಲಿ ಬಲಕ್ಕೆ ತಿರುಗಿ. ಮನೆ ಕಾಣ್ತದೆ."

ಈಗ ಒಬ್ಬನೇ ಓಡಾಡುತ್ತೇನೆ. ಉಳಿದ ಗುರುತುಗಳು ಒಮ್ಮೊಮ್ಮೆ ಕೈಕೊಡುತ್ತವೆ. ಆ ಬಂಡೆ ಮರೆತಿಲ್ಲ. ಅದನ್ನು ಮುಟ್ಟಿ ಬಲಕ್ಕೆ ತಿರುಗುತ್ತೇನೆ. ಒಲೆಯ ಹೊಗೆ ಕಾಣುತ್ತದೆ. ಅವಳಿನ್ನೂ ಆ ಮನೆಯಲ್ಲಿದ್ದಾಳೆ.