ಗೌರೀಶಂಕರ ಅಂದವಳು

ನಾವು ಲಂಗ ಉಟ್ಟು ತಿರುಗುತ್ತಿದ್ದ ಕಾಲಕ್ಕೆ ಜಗತ್ತಿನ ಎಲ್ಲಕ್ಕಿಂತ ಎತ್ತರದ ಪರ್ವತಕ್ಕೆ ರಾಯಾಪುರದಲ್ಲಿ ಒಂದೇ ಹೆಸರಿತ್ತು: ಗೌರೀಶಂಕರ. ನಮ್ಮ ಭೂಗೋಳದ ಪುಸ್ತಕದಲ್ಲಿ ಹಾಗೇ ಅಚ್ಚಾಗಿತ್ತು. ಓದು ಬಾರದ ಅಜ್ಜಿಯೂ ಹಾಗೇ ಅನ್ನುತ್ತಿದ್ದಳು. ಗಜಗದ ಆಟದಲ್ಲಿ ಅಕ್ಕ ಗಂಗವ್ವ ಒಂದು ಕಾಯಿಯನ್ನು ಮೇಲಕ್ಕೆ ತೂರಿ “ಗೌರೀಶಂಕರಾ!” ಎಂದು ಕೂಗುತ್ತಿದ್ದಳು, ಅದು ಕೆಳಗೆ ಬರುವುದರೊಳಗೆ ನೆಲದ ಐದೂ ಕಾಯಿ ಆಕೆಯ ಮುಷ್ಟಿಯಲ್ಲಿರುತ್ತಿದ್ದವು.

ಬಾರಿಹಣ್ಣಿನ ದಿನಗಳಲ್ಲಿ ಇನ್‌ಸ್ಪೆಕ್ಟರ್ ಸಾಹೇಬರು ಶಾಲೆ ನೋಡಲು ಬರುತ್ತಿದ್ದರು. ವಾರ ಮೊದಲೇ ನೆಲ ಸಾರಿಸಿ ಸಗಣಿಯ ಹಸಿ ವಾಸನೆ. ಮಾಸ್ತರರು ಒಬ್ಬೊಬ್ಬರಿಗೆ ಒಂದೊಂದು ಉತ್ತರ ಹಂಚಿ ಬಾಯಿಪಾಠ ಮಾಡಿಸುತ್ತಿದ್ದರು. ಆ ವರ್ಷ ಪರ್ವತ ಅಕ್ಕನ ಪಾಲಿಗೆ, ನದಿ ನನ್ನ ಪಾಲಿಗೆ. ಒಂದೇ ಕ್ಲಾಸಿನಲ್ಲಿದ್ದ ನಮ್ಮಿಬ್ಬರಿಗೂ ಅಪ್ಪ ಹೇಳಿಬಿಟ್ಟಿದ್ದ: “ಸಾಹೇಬ್ರು ಯಾರನ್ನ ಶ್ಯಾಣ್ಯಾಕಿ ಅಂತಾರೋ ಆಕೀನ್ನ ಧಾರವಾಡದ ಇಂಗ್ಲಿಷ್ ಸಾಲಿಗೆ ಹಚ್ಚತೇನಿ. ಇನ್ನೊಬ್ಬಾಕಿ ಮನ್ಯಾಗ ರೊಟ್ಟಿ ಬಡೀಲಿ.”

ಸಾಹೇಬರು ಪರ್ವತದ ಹೆಸರು ಕೇಳಿದರು. ಅಕ್ಕ ಎದ್ದಳು. “ಗೌರೀಶಂಕರ ರೀ.”

“ಯಾರ ಹೇಳಿದ್ರವಾ?”

“ನಮ್ಮ ಮಾಸ್ತರ್ರೀ. ಪುಸ್ತಕದಾಗೂ ಐತ್ರಿ.”

“ಅದು ಎವರೆಸ್ಟ್! ಏನ್ ಮಾಸ್ತರ, ಏನ ಕಲಸಾಕತ್ತೀರಿ?”

ಮಾಸ್ತರರ ಮುಖ ಬಿಳಚಿತು. “ನಾ ಎವರೆಸ್ಟ್ ಅಂತನ ಕಲಿಸೇನ್ರಿ ಸಾಹೇಬ್ರ. ಈಕಿ ತಲ್ಯಾಗ ಬರೇ ಗಜಗ ತುಂಬ್ಯಾವ್ರಿ.”

ಸಾಹೇಬರು ನನ್ನ ಕಡೆ ಬೆರಳು ಮಾಡಿದರು. “ನೀ ಹೇಳು, ಯಾವುದು?”

“ಎವರೆಸ್ಟ್ ರೀ.”

“ಶಾಬಾಸ್! ಈಕಿ ನೋಡ್ರಿ ಶ್ಯಾಣ್ಯಾಕಿ.”

ಅವರು ಆಗತಾನೇ ಆಡಿದ ಮಾತನ್ನು ನಾನು ಅವರಿಗೇ ತಿರುಗಿ ಕೊಟ್ಟಿದ್ದೆ, ಅಷ್ಟೇ. ನಾನಾಗಿ ಕೈ ಎತ್ತಿದ್ದೆನೋ, ಅವರೇ ಆರಿಸಿದರೋ? ದೊಡ್ಡವಳಾದ ಮೇಲೆ ನನ್ನ ದಿನಚರಿಯಲ್ಲಿ ಎರಡು ಸಲ ಎರಡು ರೀತಿ ಬರೆದಿದ್ದೇನೆ. ಎರಡರಲ್ಲೂ, “ಅಕ್ಕ ಹೇಳಿದ್ದು ಖರೇ, ಮಾಸ್ತರರು ಕಲಿಸಿದ್ದೇ ಅದು” ಎಂದು ನಾನು ಬಾಯಿ ಬಿಡುವುದಿಲ್ಲ.

ಜೂನಿನಲ್ಲಿ ನಾನು ಧಾರವಾಡಕ್ಕೆ ಹೋದೆ. ಅಕ್ಕನ ಪಾಟಿಯನ್ನು ಅಪ್ಪ ಅಟ್ಟಕ್ಕೆ ಹಾಕಿದ.

ಮುಂದೆ ಕಾಲೇಜಿನ ನಕಾಶೆಯಲ್ಲಿ ನೋಡಿದೆ: ಗೌರೀಶಂಕರ ಬೇರೆಯದೇ ಶಿಖರ. ಸಾಹೇಬರು ಹೇಳಿದ್ದು ಸರಿಯಾಗಿತ್ತು. ಅದರಿಂದ ಅವರ ಮೇಲಿನ ನನ್ನ ಸಿಟ್ಟು ಇಳಿಯಲಿಲ್ಲ, ಏರಿತು. ಎವರೆಸ್ಟ್ ಎಂಬುದು ಒಬ್ಬ ಬಿಳಿಯ ಅಧಿಕಾರಿಯ ಹೆಸರಂತೆ. ಆ ಬೆಟ್ಟದ ಬುಡದಲ್ಲಿ ಬದುಕುವವರು ಅದನ್ನು ಚೋಮೊಲುಂಗ್ಮಾ ಅನ್ನುತ್ತಾರಂತೆ. ಅವರನ್ನು ಯಾವ ಸಾಹೇಬ ಕೇಳಿದ್ದ?

ರಜೆಯಲ್ಲಿ ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಶೇಂಗಾ ಸುಲಿಯುತ್ತಿದ್ದ ಆಕೆ ತಲೆ ಎತ್ತಲಿಲ್ಲ.

“ಅಂದ್ರ ಪುಸ್ತಕಾನ ತಪ್ಪಿತ್ತು?”

“ಹೂಂ.”

“ಹಂಗಾರ ಪುಸ್ತಕಾನ್ನ ಸಾಲಿ ಬಿಡಿಸಬೇಕಿತ್ತಲ್ಲ. ನನ್ನ ಯಾಕ ಬಿಡಿಸಿದ್ರು?”

ಮಾಸ್ತರರು ಹೋದರು, ಸಾಹೇಬರು ಹೋದರು, ಅಪ್ಪ ಹೋದ. ಹೋದ ವರ್ಷ ಅಕ್ಕನೂ ಹೋದಳು. ಆ ದಿನದ್ದಕ್ಕೆ ಬೈಯಲು ಸಿಗುವವಳು ಇನ್ನು, ಆ ಶಾಲೆಯ ಕೋಣೆಯಲ್ಲಿ ಖರೇ ಗೊತ್ತಿದ್ದೂ ಸುಮ್ಮನಿದ್ದ ನಾನೊಬ್ಬಳೇ.