ನಕ್ಷೆಯಲ್ಲಿ ಅತ್ತೆಯ ಜಾಗ

ನನ್ನ ಗಂಡ ಎವರಲ್ಡ್ ಪಿನ್ನಕ್ ವಿಶ್ವವಿದ್ಯಾಲಯದಲ್ಲಿ ನಕ್ಷೆ ಕಲಿಸುವ ಮೇಷ್ಟ್ರು. ಉಪಗ್ರಹ ತೆಗೆದ ಚಿತ್ರ, ಡ್ರೋನ್ ತೆಗೆದ ಚಿತ್ರ, ಮಳೆಯ ಲೆಕ್ಕ, ಮಣ್ಣಿನ ಲೆಕ್ಕ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಹಾಸಿ ಯಾವ ಗುಡ್ಡ ಜಾರುತ್ತದೆ, ಯಾವ ಹೊಳೆ ಉಕ್ಕುತ್ತದೆ ಎಂದು ಹೇಳುವುದು ಅವನ ಕಸುಬು. ಇಡೀ ಜಮೈಕಾದ ಗುಡ್ಡಬೆಟ್ಟ ಬಲ್ಲ ಈ ಮಹಾಶಯನಿಗೆ ಮದುವೆಯಾದಾಗಿನಿಂದ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಗೊತ್ತಿಲ್ಲ.

"ಮೆರ್ಲೀನ್, ಉಪ್ಪೆಲ್ಲಿದೆ?"

"ನಿನ್ನ ಉಪಗ್ರಹಾನ ಕೇಳು, ಮಾರಾಯ."

ಅವನು ನಗುತ್ತಾನೆ, ನಾನು ಡಬ್ಬಿ ತೆಗೆದುಕೊಡುತ್ತೇನೆ. ಬೈದುಕೊಂಡಾದರೂ ಕೊಡುವವಳು ನಾನೇ ತಾನೇ.

ಪಾಠ ಮಾತ್ರ ಚೆನ್ನಾಗಿ ಮಾಡುತ್ತಾನೆ, ಅದರಲ್ಲಿ ಸುಳ್ಳು ಹೇಳಬಾರದು. ಮೊದಲ ದಿನ ಹುಡುಗರಿಂದ ಕಂಪ್ಯೂಟರ್ ಮುಚ್ಚಿಸಿ, ಒಂದೊಂದು ಹಾಳೆ ಕೊಟ್ಟು, ಅವರವರು ಹುಟ್ಟಿ ಬೆಳೆದ ಅಂಗಳದ ಚಿತ್ರ ಬರೆಸುತ್ತಾನೆ. ನಾಯಿ ಎಲ್ಲಿ ಕಟ್ಟುತ್ತಿದ್ದರು, ಅಜ್ಜಿ ಎಲ್ಲಿ ಕೂರುತ್ತಿದ್ದಳು, ಜಗಳವಾದರೆ ಯಾವ ಮರ ಹತ್ತುತ್ತಿದ್ದಿರಿ ಎಂದೆಲ್ಲ ಕೇಳುತ್ತಾನೆ. ಹುಡುಗರು ಮೊದಲು ಕಿಸಕ್ಕನೆ ನಗುತ್ತಾರೆ, ಆಮೇಲೆ ಒಬ್ಬಿಬ್ಬರು ಕಣ್ಣೊರೆಸಿಕೊಳ್ಳುತ್ತಾರೆ. ಊರ ನಕ್ಷೆ ಮಾಡುವಾಗಲೂ ಅವನದೊಂದು ಕಟ್ಟಳೆ ಇದೆ. ಚಿತ್ರದಲ್ಲಿ ಕಂಡ ಯಾವ ಚಾವಣಿಯನ್ನೂ ಹಾಗೇ ಗುರುತು ಹಾಕುವಂತಿಲ್ಲ. ಗೇಟಿನ ಮುಂದೆ ನಿಂತು ಕೂಗಬೇಕು, ಒಳಗೆ ಹೋಗಿ ಕೂರಬೇಕು, ಕೊಟ್ಟದ್ದನ್ನು ಕುಡಿಯಬೇಕು, ಇದೇನು ಅದೇನು ಎಂದು ಕೇಳಬೇಕು. ಹಾಗಲಬಳ್ಳಿಯ ಕಷಾಯ ಕೊಟ್ಟರೂ ಮುಖ ಕಿವುಚದೆ ಕುಡಿಯಬೇಕು. ಇದರಿಂದ ಕೆಲಸ ನಿಧಾನ, ಮೇಲಿನವರಿಂದ ಬೈಗುಳ ಬೇರೆ.

ಆ ವರ್ಷ ಮಾತ್ರ ಕಟ್ಟಳೆ ಮುರಿದ. ದೊಡ್ಡ ಬಿರುಗಾಳಿ ಬಂದು ಹೋಗಿತ್ತು. ಮುಂದಿನ ಮಳೆಯೊಳಗೆ ಜಾರುವ ಗುಡ್ಡಗಳ ಮೇಲಿನ ಮನೆಗಳನ್ನೆಲ್ಲ ಕೆಳಗಿನ ಬಯಲಿಗೆ ತರಬೇಕೆಂದು ಸರ್ಕಾರ ಹೊರಟಿತ್ತು. ಯಾವ ಮನೆ ಏಳಬೇಕು, ಯಾವುದು ಉಳಿಯಬೇಕು ಎನ್ನುವುದು ಎವರಲ್ಡನ ನಕ್ಷೆಯ ಮೇಲೆ ನಿಂತಿತ್ತು. ದಿನಕ್ಕೊಂದು ಫೋನು. ಊರೂರಿಗೆ ಹೋಗಿ ಕೂರಲು ಪುರಸೊತ್ತೇ ಇರಲಿಲ್ಲ. ಹುಡುಗರು ಆಕಾಶದ ಚಿತ್ರ ನೋಡಿಯೇ ಗುರುತು ಹಾಕಿದರು, ಇವನು ಸಹಿ ಹಾಕಿದ.

ಜಾರುತ್ತವೆಂದು ನಕ್ಷೆಯಲ್ಲಿ ಕೆಂಪು ಬಣ್ಣ ಬಿದ್ದ ಊರುಗಳಲ್ಲಿ ಮ್ಯಾಮಿ ಗ್ಯಾಪ್ ಕೂಡ ಇತ್ತು. ಅದು ಇವನದೇ ಊರು. ಇವನು ಇನ್ನೂ ಶಾಲೆಗೆ ಸೇರುವ ಮೊದಲೇ ತಾಯಿ ವಿನೆಟ್ ತೀರಿಕೊಂಡಳು. ಸಾಕಿದವಳು ವಿನೆಟ್‌ಳ ಅಕ್ಕ ಐಸಿಲ್ಡಾ, ನಮಗೆಲ್ಲ ದೊಡ್ಡಮ್ಮ. ಆಕೆಯ ಮನೆಯ ಹಿಂದೆಯೇ ಗುಡ್ಡ ಬಿರುಕು ಬಿಟ್ಟಿತ್ತು. ದೊಡ್ಡಮ್ಮ ಎದ್ದರೆ ಊರು ಏಳುತ್ತದೆ, ದೊಡ್ಡಮ್ಮ ಕೂತರೆ ಊರು ಕೂರುತ್ತದೆ. ಅದಕ್ಕೇ ಎವರಲ್ಡ್ ತಾನೇ ನಕ್ಷೆ ಹಿಡಿದುಕೊಂಡು ಹೊರಟ. ಜೊತೆಗೆ ನಾನು, ಅವನ ವಿದ್ಯಾರ್ಥಿನಿ ಶಾನೀಸ್. ಶಾನೀಸ್ ಪಟ್ಟಣದ ಹುಡುಗಿ. ಆ ಊರಿನ ಗುರುತುಗಳನ್ನು ಹಾಕಿದವಳು ಅವಳೇ.

ದೊಡ್ಡಮ್ಮ ಅಂಗಳದಲ್ಲಿ ಜೀಗುಜ್ಜೆ ಕಾಯಿ ಸುಡುತ್ತಿದ್ದಳು. ಎಲ್ಲರ ಹಾಗೆ ನಾವೂ ಅಂಗಳದಲ್ಲೇ ಇದ್ದ ಎವರಲ್ಡನ ತಾತನ ಗೋರಿಯ ಮೇಲೆ ಕೂತೆವು; ಶಾನೀಸ್ ಅದನ್ನು ಕಟ್ಟೆ ಎಂದುಕೊಂಡಿದ್ದಳು. ನಕ್ಷೆಯನ್ನು ಅದರ ಮೇಲೇ ಹರಡಿದೆವು. ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಬೆರಳಿಟ್ಟಳು.

"ಇದು ನನ್ನ ಮನೆ. ಸರಿ. ಇದೇನಮ್ಮ, ಪಕ್ಕದಲ್ಲಿ?"

"ಹಂದಿ ಗೂಡು, ಅಜ್ಜಿ," ಎಂದಳು ಶಾನೀಸ್ ಉತ್ಸಾಹದಿಂದ.

ದೊಡ್ಡಮ್ಮ ಒಮ್ಮೆ ನಕ್ಷೆ ನೋಡಿದಳು, ಒಮ್ಮೆ ಅಂಗಳ ನೋಡಿದಳು.

"ನನ್ನ ಗಂಡ ಮಲಗಿರೋ ಜಾಗ ಅಲ್ವೇನೇ ಅದು! ಬದುಕಿದ್ದಾಗ ಅವನನ್ನ ಹಂದಿ ಅಂತ ನಾನೂ ಬೈದಿದ್ದುಂಟು. ಆದ್ರೆ ಗೂಡಿಗೆ ಹಾಕಿರ್ಲಿಲ್ಲ ಕಣಮ್ಮ."

ನನಗೆ ನಗು ತಡೆಯಲಾಗಲಿಲ್ಲ. ಪ್ರತಿ ಕ್ರಿಸ್ಮಸ್ಸಿಗೆ ಸುಣ್ಣ ಬಳಿಯುವ ಸಿಮೆಂಟಿನ ಗೋರಿಗಳು, ಮೇಲಿನಿಂದ ಬೆಳ್ಳಗೆ ಚೌಕಚೌಕವಾಗಿ ಕಾಣುತ್ತವೆ. ಪಟ್ಟಣದ ಹುಡುಗಿಗೆ ಮನೆಯಂಗಳದಲ್ಲೇ ಮನೆಯವರನ್ನು ಹೂಳುತ್ತಾರೆ ಎಂದು ಹೊಳೆದಿರಲಿಲ್ಲ. ಊರಿನ ಸತ್ತವರನ್ನೆಲ್ಲ ಅವಳು ಗೂಡು, ಕೊಟ್ಟಿಗೆ, ತೊಟ್ಟಿ ಮಾಡಿಟ್ಟಿದ್ದಳು.

ದೊಡ್ಡಮ್ಮನ ಬೆರಳು ಇನ್ನೊಂದು ಚೌಕದ ಮೇಲೆ ನಿಂತಿತು. ಬಿರುಕಿಗೆ ಎಲ್ಲಕ್ಕಿಂತ ಹತ್ತಿರ ಇದ್ದದ್ದು ಅದು.

"ಇದು?"

ಪಕ್ಕದಲ್ಲಿ ಬರೆದದ್ದನ್ನು ನಾನೇ ಓದಿದೆ. ನೀರಿನ ತೊಟ್ಟಿ ಎಂದಿತ್ತು.

"ಎವರಲ್ಡ್," ದೊಡ್ಡಮ್ಮನ ದನಿ ತಗ್ಗಿತು, "ಈ ತೊಟ್ಟಿ ಯಾರು ಅಂತ ಗೊತ್ತಾಯ್ತೇನೋ, ಮಗಾ?"

ಅವನ ಮುಖ ಸಣ್ಣಗಾಯಿತು. ತಾಯಿಯ ಗೋರಿಯನ್ನು ತೊಟ್ಟಿ ಎಂದು ಬರೆದ ಹಾಳೆಗೆ ಅವನು ಸಹಿ ಹಾಕಿದ್ದ. ಶಾನೀಸ್ ಅಳತೊಡಗಿದಳು. ದೊಡ್ಡಮ್ಮ ಅವಳ ಕೈಗೆ ಬಿಸಿ ಜೀಗುಜ್ಜೆಯ ಹೋಳು ಇಟ್ಟು, "ತಿನ್ನು ಮಗಳೇ, ಅತ್ತರೆ ಆರಿಹೋಗುತ್ತೆ" ಎಂದಳು. ಆಮೇಲೆ ಇವನ ಕಡೆ ತಿರುಗಿದಳು.

"ಗುಡ್ಡ ಜಾರುತ್ತೆ ಅಂತ ನಂಗೂ ಗೊತ್ತು ಕಣೋ. ಹಿಂದಿನ ಬಿರುಕಲ್ಲಿ ನನ್ನ ಊರುಗೋಲು ಅರ್ಧ ಇಳಿಯುತ್ತೆ. ಆದ್ರೆ ಇವರನ್ನೆಲ್ಲ ಬಿಟ್ಟು ಆ ಬಯಲಿಗೆ ಹೋಗಿ ಯಾರ ಹತ್ರ ಮಾತಾಡ್ಲಿ? ನಮ್ಮೋರು ಒಬ್ಬರೂ ಮಲಗಿಲ್ಲದ ಮಣ್ಣು ಅದು. ಅದು ಊರಲ್ಲ, ಬಸ್ ಸ್ಟ್ಯಾಂಡು. ನಾನು ಬರಲ್ಲ."

ದಾರಿಯುದ್ದಕ್ಕೂ ನಾನು ಅವನನ್ನು ಬೈದೆ. "ಊರಿಗೆಲ್ಲ ಗೇಟು ತಟ್ಟಿ ಅಂತ ಪಾಠ ಹೇಳ್ತೀಯ, ನಿನ್ನ ತಾಯಿ ಗೇಟು ತಟ್ಟೋಕೆ ನಿನಗೆ ಪುರಸೊತ್ತಿರಲಿಲ್ವಾ?" ಅವನು ಒಂದು ತಿರುವಿನಲ್ಲಿ ಜೀಪು ನಿಲ್ಲಿಸಿ, ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತ. ನನ್ನ ನಾಲಿಗೆಗಿಷ್ಟು ಬೆಂಕಿ ಬೀಳಲಿ ಅನ್ನಿಸಿತು. ಬೆನ್ನು ಸವರಿದೆ. ಹಿಂದೆ ಕೂತ ಶಾನೀಸ್ ನೀರಿನ ಬಾಟಲಿ ಮುಂದಕ್ಕೆ ಚಾಚಿದಳು.

ಮಾರನೆಯ ವಾರದಿಂದ ಹುಡುಗರು ಪ್ರತಿ ಊರಿನ ಪ್ರತಿ ಅಂಗಳಕ್ಕೂ ಹೋದರು. ಯಾರು ಎಲ್ಲಿ ಮಲಗಿದ್ದಾರೆ, ಹೆಸರೇನು, ಎಲ್ಲ ಕೇಳಿ ನಕ್ಷೆಗೆ ಸೇರಿಸಿದರು. ಎವರಲ್ಡ್ ಅದನ್ನು ಇಲಾಖೆಯ ಸಭೆಗೆ ಒಯ್ದ. ಲಿಂಡೊ ಎಂಬ ಅಧಿಕಾರಿ ಕೈ ಚೆಲ್ಲಿದನಂತೆ.

"ಡಾಕ್ಟರ್, ಬದುಕಿರೋರಿಗೇ ಜಾಗ ಸಾಲ್ತಿಲ್ಲ. ಸತ್ತೋರಿಗೂ ಸೈಟ್ ಕೊಡ್ಲಾ?"

"ಸತ್ತೋರಿಗೆ ಕೊಟ್ರೆ ಬದುಕಿರೋರು ಬರ್ತಾರೆ, ಸರ್. ಕೊಡದಿದ್ರೆ ಇವರೂ ಅಲ್ಲೇ ಸಾಯ್ತಾರೆ."

ಜಗ್ಗಾಡಿ ಜಗ್ಗಾಡಿ ಕೊನೆಗೂ ಒಪ್ಪಿಸಿದ. ಹೊಸ ಬಡಾವಣೆಯಲ್ಲಿ ಪ್ರತಿ ಮನೆಯ ಹಿಂದೆಯೂ ಗೋರಿಗೆ ಜಾಗ ಬಿಡಬೇಕು, ಬೇಕಾದವರು ತಮ್ಮವರನ್ನು ತರಬಹುದು ಎಂದು ನಿಯಮವಾಯಿತು. ಇವನು ಕುಣಿದುಕೊಂಡು ಹೋಗಿ ದೊಡ್ಡಮ್ಮನಿಗೆ ಹೇಳಿದ. ಆಕೆ ಅಲ್ಲಾಡಲಿಲ್ಲ.

"ಖಾಲಿ ಜಾಗ ಖಾಲಿ ಜಾಗವೇ ಕಣೋ. ಮೊದಲು ಹೋಗೋರು ಯಾರು? ಯಾರ ಮನೆಯೋರನ್ನ ಎಬ್ಬಿಸ್ತೀಯ?"

ಮೇ ತಿಂಗಳ ಮಳೆ ಶುರುವಾಯಿತು. ಊರಿಗೆ ಹೋಗುವ ರಸ್ತೆಯ ಅರ್ಧ ಅಗಲ ಒಂದು ಬೆಳಿಗ್ಗೆ ಕುಸಿದು ಕಣಿವೆಗೆ ಬಿತ್ತು. ಎವರಲ್ಡ್ ಅನ್ನ ಬಿಟ್ಟ, ನಿದ್ದೆ ಬಿಟ್ಟ. ಗುಡ್ಡ ಎಷ್ಟು ಜಾರಿದೆ ಎಂದು ಗಳಿಗೆಗೊಮ್ಮೆ ಕಂಪ್ಯೂಟರ್ ನೋಡುವುದು, ನಿಟ್ಟುಸಿರು ಬಿಡುವುದು. ನಾನು ತಡೆಯಲಾರದೆ, "ಹೋಗಿ ಹೊತ್ಕೊಂಡಾದ್ರೂ ಬಾ ಆ ಮುದುಕೀನ!" ಎಂದೆ. ಅವನು ಬೇಡವೆಂದು ತಲೆಯಾಡಿಸಿದ. "ಅವಳನ್ನಲ್ಲ, ಅಮ್ಮನ್ನ ತರ್ತೀನಿ."

ದೊಡ್ಡಮ್ಮನ ಕಾಲ ಬಳಿ ಕೂತು ಕೇಳಿದ. "ನನ್ನ ಅಮ್ಮನನ್ನ ಮೊದಲು ಕರಕೊಂಡು ಹೋಗ್ತೀನಿ, ದೊಡ್ಡಮ್ಮ. ನಿನ್ನ ಅಪ್ಪಣೆ ಬೇಕು."

ಆಕೆ ಮಡಿಲು ಸವರಿಕೊಂಡಳು. "ಅವಳು ನನ್ನ ತಂಗಿ. ನಾನೇ ಕೈಯಾರೆ ಮಲಗಿಸಿದೋಳು," ಎಂದಳು. ಆಮೇಲೆ, "ಮಗ ಕರೆದ್ರೆ ತಾಯಿ ಹೋಗಬಾರದು ಅನ್ನೋಕೆ ನಾನ್ಯಾರು?"

ಪರವಾನಗಿ ಬಂತು, ಪಾದ್ರಿ ಬಂದರು, ಊರಿನ ಗಂಡಸರು ಹಾರೆ ಹಿಡಿದು ಬಂದರು. ಮೊದಲು ಸತ್ತವರ ಪಾಲೆಂದು ನೆಲಕ್ಕೆ ಬಿಳಿ ರಮ್ ಸುರಿದರು. ಗೋರಿಯ ಚಪ್ಪಡಿ ಎತ್ತುವ ಮುಂಚೆ ದೊಡ್ಡಮ್ಮ ಬಗ್ಗಿ ತಂಗಿಯನ್ನು ಮಾತಾಡಿಸಿದಳು.

"ವಿನೆಟ್, ಹೆದರಬೇಡ. ಬಂದಿರೋನು ನಿನ್ನ ಹುಡುಗಾನೇ. ತಲೆ ನರೆತಿದೆ ನೋಡು, ಗುರುತು ಸಿಗದೆ ಹೋದೀತು. ಅವನು ಕರೆದ ಕಡೆ ಹೋಗು."

ಅಲ್ಲಿದ್ದ ಯಾರ ಕಣ್ಣೂ ಒಣಗಿರಲಿಲ್ಲ. ನಾನಂತೂ ನೋಡಿಯೇ ಇರದ ಅತ್ತೆಗಾಗಿ ಬಿಕ್ಕಿಬಿಕ್ಕಿ ಅತ್ತೆ. ಕೊನೆಗೆ ಉಳಿದದ್ದು ಒಂದು ಚಿಕ್ಕ ಪೆಟ್ಟಿಗೆಯಷ್ಟು. ಎವರಲ್ಡ್ ಅದನ್ನು ಜೀಪಿನ ಹಿಂದೆ ಇಡಲು ಬಿಡಲಿಲ್ಲ, ತೊಡೆಯ ಮೇಲಿಟ್ಟುಕೊಂಡ. ನಾನು ಜೀಪು ಓಡಿಸಿದೆ. "ಜೀಪಲ್ಲಿ ಹೇಗೂ ಜಾಗ ಇದೆಯಲ್ಲ, ನೋಡ್ಕೊಂಡು ಬರ್ತೀನಿ" ಎಂದು ದೊಡ್ಡಮ್ಮನೂ ಹಿಂದೆ ಹತ್ತಿ ಕೂತಳು.

"ಮೆರ್ಲೀನ್, ನಿಧಾನ. ಮುಂದೆ ಹಳ್ಳ ಇದೆ," ಎಂದ ಎವರಲ್ಡ್. ಬೇರೆ ದಿನವಾಗಿದ್ದರೆ ಏನಾದರೂ ಅನ್ನುತ್ತಿದ್ದೆ. ಆ ದಿನ ಸುಮ್ಮನೆ ನಿಧಾನ ಮಾಡಿದೆ.

ಬಯಲಿನಲ್ಲಿ ದೊಡ್ಡಮ್ಮನಿಗೆಂದು ಕಟ್ಟುತ್ತಿದ್ದ ಹೊಸ ಮನೆಗೆ ಚಾವಣಿ ಹಾಕಿಯಾಗಿತ್ತು, ಗಾರೆಯಾಗಿರಲಿಲ್ಲ. ಹಿಂದಿನ ಜಾಗದಲ್ಲಿ ವಿನೆಟ್‌ಳನ್ನು ಮಲಗಿಸಿ, ಹಾಡು ಹೇಳಿ, ಮಣ್ಣು ಮುಚ್ಚಿದೆವು. ಬಂದವರು ಒಬ್ಬೊಬ್ಬರಾಗಿ ಗುಡ್ಡದ ಕಡೆ ಹೊರಟರು. ಹೊತ್ತು ಇಳಿಯುತ್ತಿತ್ತು, ಮೋಡವೂ ಕಟ್ಟುತ್ತಿತ್ತು. ದೊಡ್ಡಮ್ಮ ಮಾತ್ರ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಹೊಸ ಮಣ್ಣಿನ ಪಕ್ಕ ಕೂತೇ ಇದ್ದಳು.

"ಏಳು ದೊಡ್ಡಮ್ಮ, ಮಳೆ ಬರೋಕೆ ಮುಂಚೆ ನಿನ್ನನ್ನ ಗುಡ್ಡಕ್ಕೆ ಬಿಟ್ಟು ಬರ್ತೀನಿ," ಎಂದ ಎವರಲ್ಡ್. ಅವನ ದನಿ ಸೋತುಹೋಗಿತ್ತು.

ದೊಡ್ಡಮ್ಮ ಅವನನ್ನು ದುರುಗುಟ್ಟಿ ನೋಡಿದಳು.

"ಬುದ್ಧಿ ಇದೆಯೇನೋ ನಿಂಗೆ? ವಿನೆಟ್‌ಗೆ ಇಲ್ಲಿ ಯಾರ ಗುರುತಿದೆ? ಮೊದಲ ರಾತ್ರಿನೇ ಒಬ್ಬಳನ್ನೇ ಬಿಟ್ಟು ಹೋಗ್ಲಾ? ಹೋಗು, ನನ್ನ ಮಂಚ ತಗೊಂಡು ಬಾ."